ಬೆಳಕಿನ ಅಳತೆಗೋಲು

ಜವಳಿ ಅಂಗಡಿಯಲ್ಲಿ ವರ್ತಕನು ಬಟ್ಟೆ ಅಳೆಯುವುದನ್ನು ನಾವೆಲ್ಲರೂ ನೋಡಿದ್ದೇವೆ. ಮೀಟರುಕೋಲನ್ನು ಬಟ್ಟೆಯ ಅಂಚಿಗೆ ಹಿಡಿದು ಒಂದು, ಎರಡು, ಮೂರು ಎಂದು ಎಣಿಸುತ್ತ ಹೋಗುತ್ತಾನೆ. ಕೊನೆಯಲ್ಲಿ ಕೋಲಿಗಿಂತ ಗಿಡ್ಡವಾಗಿ ಉಳಿದ ತುಂಡನ್ನು ಕೋಲಿನ ಮೇಲಿರುವ ಗೆರೆಗಳ ಸಹಾಯದಿಂದ ಓದಿ, ೧೧ ಮೀಟರು ೪೦ ಸೆಂಟಿಮೀಟರು ಎಂದು ಹೇಳುತ್ತಾನೆ. ಇದರಲ್ಲಿ ಎರಡು ಬೇರೆ ಬೇರೆ ಕೆಲಸಗಳು ಅಡಗಿವೆ. ಪೂರ್ತಿ ಕೋಲುಗಳನ್ನು ಎಣಿಸುವುದು ಒಂದು. ಮಿಕ್ಕ ಭಾಗವನ್ನು ಓದುವುದು ಇನ್ನೊಂದು. ಈಗ ಒಬ್ಬ ಗಿರಾಕಿಯು ಎಣಿಕೆಯೆಲ್ಲ ಮುಗಿದ ಮೇಲೆ ಅಂಗಡಿಗೆ ಬಂದನೆನ್ನೋಣ. ಅಳೆದ ಬಟ್ಟೆ ಆಗಲೇ ಮಡಿಕೆಯೊಳಗೆ ಸೇರಿದೆ. ಅವನ ಕಣ್ಣಿಗೆ ಬೀಳುವುದು ಕೋಲಿನ ಮೇಲಿರುವ ಕೊನೆಯ ೪೦ ಸೆಂಟಿಮೀಟರು ಮಾತ್ರ. ಆ ತುಂಡನ್ನು ಅವನು ಎಷ್ಟೇ ಸೂಕ್ಷ್ಮವಾಗಿ ಓದಿದರೂ, ಬಟ್ಟೆ ಒಟ್ಟು ಎಷ್ಟು ಮೀಟರು ಎಂಬುದನ್ನು ಹೇಳಲಾರನು.

ಬೆಳಕಿನ ಅಲೆಗಳನ್ನು ಅಳತೆಗೋಲನ್ನಾಗಿ ಮಾಡಿಕೊಂಡು ದೂರವನ್ನು ಅಳೆಯಹೊರಟ ಭೌತವಿಜ್ಞಾನಿಯ ಪಾಡು ಈ ಗಿರಾಕಿಯ ಪಾಡೇ ಆಗಿದೆ. ಕೋಲಾದರೋ ಅತ್ಯಂತ ಸೂಕ್ಷ್ಮವಾದುದು. ಹೀಲಿಯಂ-ನಿಯಾನ್ ಲೇಸರಿನ ಕೆಂಪು ಬೆಳಕಿನಲ್ಲಿ ಒಂದು ಅಲೆಯ ಶಿಖರದಿಂದ ಮುಂದಿನ ಅಲೆಯ ಶಿಖರಕ್ಕೆ ಇರುವ ದೂರ, ಎಂದರೆ ತರಂಗಾಂತರ, ೦.೬೩೩ ಮೈಕ್ರೊಮೀಟರು, ಒಂದು ಮೈಕ್ರೊಮೀಟರೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಈ ಅಲೆಯ ಸಾವಿರದಲ್ಲೊಂದು ಅಂಶವನ್ನೂ ಇಂದಿನ ಉಪಕರಣಗಳು ಓದಬಲ್ಲವು. ಆದರೆ ಪೂರ್ತಿ ಅಲೆಗಳು ಎಷ್ಟು? ಅಲೆಗಳ ಮೇಲೆ ಯಾರೂ ಅಂಕೆಗಳನ್ನು ಬರೆದಿಲ್ಲ. ಹತ್ತು ಲಕ್ಷದ ಅಲೆಯೂ ಅದರ ಪಕ್ಕದ ಅಲೆಯೂ ಒಂದೇ ಅಚ್ಚಿನವು. ಈ ಪೂರ್ಣಸಂಖ್ಯೆಯನ್ನು ಕಂಡುಹಿಡಿಯುವ ಬಗೆಯನ್ನೇ ನಾವಿಲ್ಲಿ ವಿಚಾರಮಾಡುವೆವು.

ಮೊದಲು, ಮನೆಯಲ್ಲಿಯೇ ಮಾಡಬಹುದಾದ ಒಂದು ಪ್ರಯೋಗ. ಸೂಕ್ಷ್ಮದರ್ಶಕದಲ್ಲಿ ಬಳಸುವಂತಹ ಎರಡು ಗಾಜಿನ ಪಟ್ಟಿಗಳನ್ನು ಚೆನ್ನಾಗಿ ತೊಳೆದು ಒರೆಸಿ ಒಂದರ ಮೇಲೊಂದನ್ನು ಇಡಬೇಕು. ಒಂದು ಕೊನೆಯಲ್ಲಿ ಅವು ಒಂದನ್ನೊಂದು ಮುಟ್ಟಿರಲಿ. ಇನ್ನೊಂದು ಕೊನೆಯಲ್ಲಿ ಅವುಗಳ ನಡುವೆ ಒಂದು ತಲೆಗೂದಲನ್ನು ಸಿಕ್ಕಿಸಬೇಕು. ಕತ್ತಲೆಯ ಕೋಣೆಯಲ್ಲಿ ಸ್ಪಿರಿಟ್ ದೀಪದ ಬತ್ತಿಗೆ ಉಪ್ಪನ್ನು ಸವರಿ ಹೊತ್ತಿಸಿದರೆ ಹಳದಿ ಜ್ವಾಲೆ ಬರುತ್ತದೆ. (ಮಕ್ಕಳು ಇದನ್ನು ಹಿರಿಯರ ಎದುರಿನಲ್ಲಿಯೇ ಮಾಡತಕ್ಕದ್ದು.) ಗಾಜಿನಲ್ಲಿ ಕಾಣುವ ಆ ಜ್ವಾಲೆಯ ಪ್ರತಿಬಿಂಬವನ್ನು ಭೂತಗನ್ನಡಿಯಿಂದ ನೋಡಿದರೆ ಹಳದಿ ಮತ್ತು ಕಪ್ಪು ಪಟ್ಟೆಗಳು ಒಂದಾದ ಮೇಲೊಂದರಂತೆ ಸಾಲಾಗಿ ನಿಂತಿರುವುದು ಕಾಣುತ್ತದೆ. ಗಾಜು ಸಮತಟ್ಟಾಗಿಲ್ಲದಿದ್ದರೆ ಪಟ್ಟೆಗಳು ಅಂಕುಡೊಂಕಾಗುವುವು, ಅದರಿಂದ ಎದೆಗುಂದಬೇಕಾಗಿಲ್ಲ.

ಗಾಜುಗಳ ನಡುವಣ ಗಾಳಿಯ ಪದರಕ್ಕೆ ಮೇಲೊಂದು ಮುಖ, ಕೆಳಗೊಂದು ಮುಖ. ಎರಡೂ ಮುಖಗಳಿಂದ ಮರಳಿದ ಬೆಳಕು ಕಣ್ಣಿನಲ್ಲಿ ಕೂಡುತ್ತದೆ. ಒಂದರ ಅಲೆಯ ಏರು ಇನ್ನೊಂದರ ಏರಿನೊಡನೆ ಸೇರಿದಲ್ಲಿ ಬೆಳಕು; ಏರು ಇಳಿತದೊಡನೆ ಸೇರಿದಲ್ಲಿ ಕತ್ತಲೆ. ಇದನ್ನೇ ಬೆಳಕಿನ ವ್ಯತಿಕರಣ ಎನ್ನುವುದು. ಕೆಳಮುಖವನ್ನು ಮುಟ್ಟಿ ಬರುವ ಬೆಳಕು ಪದರವನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ದಾಟಬೇಕು. ಆದುದರಿಂದ ಪದರದ ದಪ್ಪ ಅರ್ಧ ತರಂಗಾಂತರದಷ್ಟು ಹೆಚ್ಚಿದಾಗಲೆಲ್ಲ ಒಂದು ಹೊಸ ಕಪ್ಪು ಪಟ್ಟೆ ಕಾಣಿಸಿಕೊಳ್ಳುತ್ತದೆ. ಗಾಜುಗಳು ಮುಟ್ಟಿರುವ ಅಂಚಿನಿಂದ ಕೂದಲಿನವರೆಗೆ ಕಪ್ಪು ಪಟ್ಟೆಗಳನ್ನು ಎಣಿಸಿ, ಆ ಸಂಖ್ಯೆಯನ್ನು ಉಪ್ಪಿನ ಹಳದಿ ಬೆಳಕಿನ ಅರ್ಧ ತರಂಗಾಂತರವಾದ ೦.೨೯೫ ಮೈಕ್ರೊಮೀಟರಿನಿಂದ ಗುಣಿಸಿದರೆ ಕೂದಲಿನ ದಪ್ಪ ದೊರೆಯುವುದು. ಪಟ್ಟೆಗಳು ೨೪೦ ಇದ್ದರೆ ಕೂದಲು ಸುಮಾರು ೭೧ ಮೈಕ್ರೊಮೀಟರು ದಪ್ಪವಾಗಿದೆ.

ಈಗ ಗಾಜುಗಳು ಮುಟ್ಟಿರುವ ಕೊನೆಯಿಂದ ನಡುವಿನವರೆಗೆ ಒಂದು ಕಾಗದವನ್ನು ಮುಚ್ಚೋಣ. ಪಟ್ಟೆಗಳು ಮೊದಲಿನಂತೆಯೇ ಕಾಣುತ್ತಿವೆ, ಅಷ್ಟೇ ಸ್ಪಷ್ಟವಾಗಿವೆ. ಆದರೆ ಕಾಗದದ ಅಂಚಿನಲ್ಲಿರುವ ಪಟ್ಟೆ ನೂರನೆಯದೋ ನೂರ ಇಪ್ಪತ್ತನೆಯದೋ ಹೇಳುವವರಾರು? ಸೊನ್ನೆ ಎಲ್ಲಿದೆ ಎಂಬುದು ಮರೆಯಾದೊಡನೆ ದಪ್ಪವೂ ಮರೆಯಾಯಿತು. ಕಾಗದದಿಂದ ಕೂದಲಿನವರೆಗೆ ದಪ್ಪ ಎಷ್ಟು ಹೆಚ್ಚಿತು ಎಂಬುದನ್ನು ಮಾತ್ರ ಹೇಳಬಲ್ಲೆವು. ದೂರವೇ ಬೇರೆ, ದೂರದ ವ್ಯತ್ಯಾಸವೇ ಬೇರೆ ಎಂಬುದನ್ನು ವಾಚಕರು ಇಲ್ಲಿ ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು.

ಅಮೆರಿಕದ ಆಲ್ಬರ್ಟ್ ಮೈಕಲ್ಸನ್ ರಚಿಸಿದ ವ್ಯತಿಕರಣಮಾಪಕದಲ್ಲಿ ಗಾಜಿನ ಪಟ್ಟಿಗಳ ಬದಲು ಎರಡು ಕನ್ನಡಿಗಳಿವೆ. ಬೆಳಕಿನ ಒಂದು ಕಿರಣವನ್ನು ತೆಳುವಾಗಿ ಬೆಳ್ಳಿ ಸವರಿದ ಗಾಜೊಂದು ಎರಡಾಗಿ ಸೀಳುತ್ತದೆ; ಒಂದು ಸೀಳು ನಿಶ್ಚಲವಾದ ಕನ್ನಡಿಗೂ ಇನ್ನೊಂದು ಚಲಿಸಬಲ್ಲ ಕನ್ನಡಿಗೂ ಹೋಗಿ, ಮರಳಿ ಬಂದು ಕೂಡಿಕೊಳ್ಳುತ್ತವೆ. ಚಲಿಸುವ ಕನ್ನಡಿಯು ಅರ್ಧ ತರಂಗಾಂತರದಷ್ಟು ಸರಿದರೆ ಒಂದು ಪಟ್ಟೆ ದಾಟಿಹೋಗುತ್ತದೆ. ಇಂದು ಯಂತ್ರಶಾಲೆಗಳಲ್ಲಿರುವ ಲೇಸರ್ ವ್ಯತಿಕರಣಮಾಪಕಗಳೂ ಇದೇ ತತ್ತ್ವದ ಮೇಲೆ ನಡೆಯುವುವು. ಕನ್ನಡಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಜಾರುಹಳಿಯ ಮೇಲೆ ಸಾಗಿಸುತ್ತ, ದಾಟುವ ಪಟ್ಟೆಗಳನ್ನು ವಿದ್ಯುತ್ ಗಣಕವು ಎಣಿಸುತ್ತದೆ. ಆದರೆ ಯಾರದಾದರೂ ಕೈ ಒಂದು ಕ್ಷಣ ಕಿರಣಕ್ಕೆ ಅಡ್ಡ ಬಂದರೆ ಎಣಿಕೆ ತಪ್ಪಿತು. ಕನ್ನಡಿಯನ್ನು ಮತ್ತೆ ಮೊದಲ ಸ್ಥಾನಕ್ಕೆ ಒಯ್ದು ಸೊನ್ನೆಯಿಂದ ಪ್ರಾರಂಭಿಸಬೇಕು. ಅಲ್ಲದೆ, ಎರಡು ಕಂಬಗಳ ನಡುವೆ ಹಳಿಯನ್ನೇ ಹಾಕಲು ಸಾಧ್ಯವಿಲ್ಲದ ಕಡೆ ಈ ಉಪಾಯ ನಡೆಯದು.

ದೊಡ್ಡ ಹೆಸರಿನ ಉಪಕರಣಗಳೂ ಈ ಕಟ್ಟಿಗೆ ಒಳಗಾಗಿವೆ. ೨೦೧೫ರ ಸೆಪ್ಟೆಂಬರ್ ೧೪ರಂದು ಗುರುತ್ವದ ಅಲೆಗಳನ್ನು ಮೊತ್ತಮೊದಲು ಪತ್ತೆಹಚ್ಚಿದ ಲೈಗೋ ಯಂತ್ರದ ತೋಳುಗಳು ೪ ಕಿಲೋಮೀಟರು ಉದ್ದವಾಗಿವೆ. ಆ ತೋಳುಗಳಲ್ಲಿ ಪ್ರೋಟಾನಿನ ಅಗಲದ ನೂರರಲ್ಲೊಂದು ಪಾಲಿಗಿಂತಲೂ ಕಡಮೆಯಾದ ಏರಿಳಿತವನ್ನು ಅದು ಕಂಡಿತು. ಆದರೆ ತೋಳಿನ ಉದ್ದವನ್ನು ಆ ನಿಖರತೆಯಿಂದ ಅದು ಅಳೆದಂತಾಗಲಿಲ್ಲ. ೨೦೧೮ರಲ್ಲಿ ಹಾರಿಸಿದ ಗ್ರೇಸ್-ಎಫ್‌ಒ ಎಂಬ ಜೋಡಿ ಉಪಗ್ರಹಗಳ ನಡುವೆ ಸುಮಾರು ೨೨೦ ಕಿಲೋಮೀಟರು ಅಂತರ. ಅವುಗಳ ನಡುವಣ ಲೇಸರು ಅಂತರದ ವ್ಯತ್ಯಾಸವನ್ನು ಮೈಕ್ರೊಮೀಟರಿನ ಸಾವಿರದಲ್ಲೊಂದು ಪಾಲಿನ ಮಟ್ಟದಲ್ಲಿ ಹೇಳುತ್ತದೆ, ಅಂತರವನ್ನು ಹೇಳುವುದಿಲ್ಲ. ಅವುಗಳ ಕೆಲಸಕ್ಕೆ ವ್ಯತ್ಯಾಸವೇ ಸಾಕು. ಇದು ಅವುಗಳ ಕೊರತೆಯೆಂದು ನಾವು ಹೇಳುತ್ತಿಲ್ಲ. ಆದರೆ ಉಪಕರಣಗಳನ್ನು ಮಾರುವವರ ಪಟ್ಟಿಗಳಲ್ಲಿ ವ್ಯತ್ಯಾಸದ ನಿಖರತೆಯನ್ನು ದೂರದ ನಿಖರತೆಯೆಂಬಂತೆ ಅಚ್ಚುಹಾಕುವುದುಂಟು. ಕೊಳ್ಳುವವರು ಎಚ್ಚರದಿಂದ ಓದಬೇಕು.

ಹಾಗಾದರೆ ಪೂರ್ಣಸಂಖ್ಯೆಯನ್ನು ಪಡೆಯುವುದು ಹೇಗೆ? ಮೊದಲ ದೊಡ್ಡ ಉತ್ತರವನ್ನು ಕೊಟ್ಟವನು ಮೈಕಲ್ಸನನೇ. ಪ್ಯಾರಿಸಿನ ಬಳಿ ಸೆವ್ರ್ ಎಂಬ ಊರಿನಲ್ಲಿ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಸಂಸ್ಥೆಯಿದೆ. ಆಗ ಜಗತ್ತಿನ ಮೀಟರೆಂದರೆ ಅಲ್ಲಿದ್ದ ಪ್ಲಾಟಿನಂ-ಇರಿಡಿಯಂ ಸರಳಿನ ಮೇಲಿನ ಎರಡು ಗೆರೆಗಳ ನಡುವಿನ ದೂರ. ೧೮೯೨-೯೩ರಲ್ಲಿ ಮೈಕಲ್ಸನನು ಅಲ್ಲಿಗೆ ಹೋಗಿ, ಬೆನ್ವಾ ಎಂಬ ವಿಜ್ಞಾನಿಯೊಡನೆ, ಕ್ಯಾಡ್ಮಿಯಂ ದೀಪದ ಕೆಂಪು ಬೆಳಕಿನ ಎಷ್ಟು ಅಲೆಗಳು ಒಂದು ಮೀಟರಿಗೆ ಸಮ ಎಂಬುದನ್ನು ನಿರ್ಧರಿಸಲು ತೊಡಗಿದನು. ಹದಿನೈದು ಲಕ್ಷಕ್ಕೂ ಮೀರಿದ ಅಲೆಗಳನ್ನು ಒಂದೊಂದಾಗಿ ಎಣಿಸುವುದು ಮನುಷ್ಯಮಾತ್ರರಿಂದ ಆಗತಕ್ಕದ್ದಲ್ಲ. ಅವನು ಒಂಬತ್ತು ಮಧ್ಯವರ್ತಿ ಅಳತೆಗಳನ್ನು ಮಾಡಿಸಿದನು. ಅತಿ ಚಿಕ್ಕದು ೦.೩೯ ಮಿಲಿಮೀಟರು, ಪ್ರತಿಯೊಂದೂ ಅದರ ಹಿಂದಿನದಕ್ಕೆ ಹೆಚ್ಚುಕಡಮೆ ಇಮ್ಮಡಿ, ಕೊನೆಯದು ೧೦ ಸೆಂಟಿಮೀಟರು. ಅತಿ ಚಿಕ್ಕದರಲ್ಲಿ ಪಟ್ಟೆಗಳು ಸಾವಿರದ ಇನ್ನೂರರ ಆಸುಪಾಸು; ಅವನ್ನು ತಾಳ್ಮೆಯಿಂದ ನೇರವಾಗಿ ಎಣಿಸಬಹುದು. ಅನಂತರ ಚಿಕ್ಕ ಅಳತೆಯನ್ನು ದೊಡ್ಡ ಅಳತೆಯ ಪಕ್ಕದಲ್ಲಿ ಎರಡು ಹೆಜ್ಜೆ ನಡೆಸಿ, ಇಮ್ಮಡಿಗೂ ಅದಕ್ಕೂ ಇರುವ ಕೆಲವೇ ಅಲೆಗಳ ವ್ಯತ್ಯಾಸವನ್ನು ನೋಡಿದರೆ ಸಾಕು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ೧೦ ಸೆಂಟಿಮೀಟರಿಗೆ ಏರಿ, ಅದನ್ನು ಹತ್ತು ಹೆಜ್ಜೆ ನಡೆಸಿ ಮೀಟರನ್ನು ಮುಟ್ಟಿದನು. ಹೆಜ್ಜೆ ಸರಿಯಾಗಿ ಬಿದ್ದಿತೆಂಬುದಕ್ಕೆ ಬಿಳಿಯ ಬೆಳಕು ಸಾಕ್ಷಿ. ಬಿಳಿಯ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಬೆರೆತಿರುವುದರಿಂದ, ಎರಡು ದಾರಿಗಳೂ ಸರಿಸಮವಾದ ಆ ಒಂದೆಡೆಯ ಸುತ್ತಮುತ್ತ ಮಾತ್ರ ಪಟ್ಟೆಗಳು ಕಾಣುವುವು. ಸ್ವಲ್ಪ ಆಚೀಚೆಯಾದರೆ ಅಳಿಸಿಹೋಗುವುವು. ಮುಚ್ಚಿದ ಕಾಗದವನ್ನು ತೆಗೆದು ಸೊನ್ನೆಯನ್ನು ತೋರಿಸುವ ಕೆಲಸವನ್ನು ಅದು ಮಾಡುತ್ತದೆ. ಬಂದ ಉತ್ತರ, ಒಂದು ಮೀಟರಿಗೆ ೧೫,೫೩,೧೬೩.೫ ಅಲೆಗಳು. ೧೯೦೬ರಲ್ಲಿ ಬೆನ್ವಾ, ಫಾಬ್ರಿ ಮತ್ತು ಪೆರೊ ಎಂಬವರು ಬೇರೊಂದು ವಿಧಾನದಿಂದ ಅಳೆದಾಗ ಸಿಕ್ಕಿದುದು ೧೫,೫೩,೧೬೪.೧೩. ಹದಿನೈದು ಲಕ್ಷಕ್ಕೆ ಒಂದೂ ಪೂರ್ತಿಯಾಗದ ವ್ಯತ್ಯಾಸ! ಮೈಕಲ್ಸನನಿಗೆ ೧೯೦೭ರಲ್ಲಿ ನೊಬೆಲ್ ಬಹುಮಾನ ದೊರೆಯಿತು.

ಈ ಕೆಲಸದಲ್ಲಿ ಇನ್ನೊಂದು ಉಪಾಯವೂ ಬಳಕೆಗೆ ಬಂದಿತು. ಇಂದಿನ ಲೇಸರ್ ವಿಧಾನಗಳಿಗೆಲ್ಲ ಅದೇ ಬೇರು. ಅದನ್ನು ಮೊದಲು ತೆಂಗಿನಕಾಯಿಗಳ ಮೂಲಕ ನೋಡೋಣ. ಒಂದು ರಾಶಿಯಲ್ಲಿ ಇನ್ನೂರಕ್ಕೆ ಮೀರದಷ್ಟು ಕಾಯಿಗಳಿವೆ. ಏಳೇಳರಂತೆ ಗುಂಪುಮಾಡಿದಾಗ ೩ ಉಳಿದವು. ಒಂಬತ್ತೊಂಬತ್ತರಂತೆ ಮಾಡಿದಾಗ ೫ ಉಳಿದವು. ಹತ್ತು ಹತ್ತರಂತೆ ಮಾಡಿದಾಗ ೯ ಉಳಿದವು. ಗುಂಪುಗಳೆಷ್ಟೆಂದು ಯಾರೂ ಬರೆದಿಡಲಿಲ್ಲ. ಕಾಯಿಗಳೆಷ್ಟು? ಮೊದಲ ಶೇಷವೊಂದರಿಂದ ೩, ೧೦, ೧೭ ಎಂದು ಹಲವು ಉತ್ತರಗಳು ಸಾಧ್ಯ. ಎರಡನೆಯ ಶೇಷವನ್ನೂ ಸೇರಿಸಿದರೆ ೫೯, ೧೨೨, ೧೮೫ ಎಂಬ ಮೂರೇ ಉಳಿಯುತ್ತವೆ. ಮೂರನೆಯದು ೫೯ ಒಂದನ್ನೇ ಉಳಿಸುತ್ತದೆ. ಗುಂಪುಗಳ ಸಂಖ್ಯೆ ಕಳೆದುಹೋದರೂ ಶೇಷಗಳೇ ಮೊತ್ತವನ್ನು ಹೇಳಿಬಿಟ್ಟವು. ಇದು ನಮ್ಮವರಿಗೆ ಹೊಸದಲ್ಲ. ಆರ್ಯಭಟನ ಕಾಲದಿಂದ ಇದಕ್ಕೆ ಕುಟ್ಟಕವೆಂಬ ಹೆಸರಿದೆ. ರಾಷ್ಟ್ರಕೂಟ ಅರಸನಾದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹದಲ್ಲಿ ಹಣ್ಣಿನ ರಾಶಿಗಳನ್ನು ದಾರಿಗರಿಗೆ ಹಂಚುವ ಇಂತಹ ಲೆಕ್ಕಗಳು ಬಂದಿವೆ.

ಬೆಳಕಿನಲ್ಲಿ ಏಳು, ಒಂಬತ್ತು, ಹತ್ತರ ಬದಲು ಬೇರೆ ಬೇರೆ ಬಣ್ಣಗಳ ಅಲೆಗಳು. ಒಂದು ಉಕ್ಕಿನ ಗಟ್ಟಿಯು ಸುಮಾರು ೧೦ ಮಿಲಿಮೀಟರು ಉದ್ದವಾಗಿದೆಯೆಂದೂ ಸೂಕ್ಷ್ಮಮಾಪಕದಿಂದ ಅದನ್ನು ಒಂದು ಮೈಕ್ರೊಮೀಟರು ಹೆಚ್ಚುಕಡಮೆಯೊಳಗೆ ಅಳೆದಿದ್ದೇವೆಂದೂ ಇಟ್ಟುಕೊಳ್ಳೋಣ. ಕ್ಯಾಡ್ಮಿಯಂನ ಕೆಂಪಿನ ಅರ್ಧ ತರಂಗಾಂತರ ೦.೩೨೧೯ ಮೈಕ್ರೊಮೀಟರು. ಆದುದರಿಂದ ಕೆಂಪು ಅರ್ಧ-ಅಲೆಗಳ ಸಂಖ್ಯೆಯಲ್ಲಿ ನಮಗಿರುವ ಸಂದೇಹ ಮೇಲೆ ಮೂರು, ಕೆಳಗೆ ಮೂರು. ಒಟ್ಟು ಏಳು ಸಂಖ್ಯೆಗಳಲ್ಲಿ ಒಂದು ನಿಜ. ಕೆಂಪಿನಲ್ಲಿ ಕಂಡ ಭಿನ್ನಾಂಶ ೦.೧೫ ಎನ್ನೋಣ. ಇನ್ನು ಕ್ಯಾಡ್ಮಿಯಂನ ಹಸಿರು ಬೆಳಕು. ಕೆಂಪಿನ ಅರ್ಧ-ಅಲೆಯು ಹಸಿರಿನ ಅರ್ಧ-ಅಲೆಯ ೧.೨೬೬ರಷ್ಟಿದೆ. ಎಂದರೆ, ನಮ್ಮ ಊಹೆಯಲ್ಲಿ ಕೆಂಪಿನ ಸಂಖ್ಯೆ ಒಂದು ಹೆಚ್ಚಿದರೆ ಹಸಿರಿನ ಭಿನ್ನಾಂಶ ಸುಮಾರು ೦.೨೭ರಷ್ಟು ಮುಂದೆ ಸರಿಯಬೇಕು. ಈ ಲೆಕ್ಕದಂತೆ ಏಳು ಊಹೆಗಳಿಗೆ ಹಸಿರಿನಲ್ಲಿ ಕ್ರಮವಾಗಿ ೦.೫೮, ೦.೮೪, ೦.೧೧, ೦.೩೮, ೦.೬೪, ೦.೯೧, ೦.೧೭ ಎಂಬ ಭಿನ್ನಾಂಶಗಳು ಕಾಣತಕ್ಕವು. ಹಸಿರು ಬೆಳಕಿನಲ್ಲಿ ನೋಡಿದಾಗ ೦.೩೮ ಕಂಡಿತು. ನಡುವಿನ ಊಹೆ ನಿಜ, ಪೂರ್ಣಸಂಖ್ಯೆ ೩೧,೦೬೫, ಗಟ್ಟಿಯ ಉದ್ದ ೧೦.೦೦೦೬ ಮಿಲಿಮೀಟರು. ಒಂದು ಅಲೆಯನ್ನೂ ಎಣಿಸದೆ ಮೂವತ್ತೊಂದು ಸಾವಿರವನ್ನು ತಿಳಿದಂತಾಯಿತು.

ಆದರೆ ಇಲ್ಲಿಯೇ ಒಂದು ಕಂದಕವೂ ಇದೆ. ನಿಜವಾದ ಸಂಖ್ಯೆಯಿಂದ ನಾಲ್ಕು ಹೆಜ್ಜೆ ಆಚೆಗಿನ ಊಹೆಗೆ ಹಸಿರಿನ ಭಿನ್ನಾಂಶ ೦.೪೪ ಬರುತ್ತದೆ. ೦.೩೮ಕ್ಕೂ ೦.೪೪ಕ್ಕೂ ಅಂತರ ಬಹಳವಿಲ್ಲ. ಸೂಕ್ಷ್ಮಮಾಪಕದ ಅಳತೆ ಸ್ವಲ್ಪ ಸಡಿಲವಾಗಿ, ಕಣ್ಣೂ ಸ್ವಲ್ಪ ಮೋಸಹೋದರೆ, ತಪ್ಪು ಊಹೆಯೇ ಗೆಲ್ಲುತ್ತದೆ. ಆಗ ಬರುವ ಉತ್ತರ ಸ್ವಲ್ಪವೇ ತಪ್ಪಿದ ಉತ್ತರವಲ್ಲ. ದಶಾಂಶದ ಕೊನೆಯ ಸ್ಥಾನಗಳೆಲ್ಲ ನಿಷ್ಕೃಷ್ಟವಾಗಿರುತ್ತವೆ, ನೋಟಕ್ಕೆ ಅತ್ಯಂತ ನಂಬಲರ್ಹವಾಗಿರುತ್ತದೆ, ಆದರೆ ಒಟ್ಟಿನಲ್ಲಿ ನಾಲ್ಕು ಅರ್ಧ-ಅಲೆಗಳಷ್ಟು ಸುಳ್ಳಾಗಿರುತ್ತದೆ. ಅಳತೆ ಮಾಡುವವನಿಗೆ ಇದಕ್ಕಿಂತ ಭಯಂಕರವಾದ ತಪ್ಪು ಇನ್ನೊಂದಿಲ್ಲ, ಏಕೆಂದರೆ ತಪ್ಪಾಗಿದೆಯೆಂಬ ಸುಳಿವೇ ಅವನಿಗೆ ಸಿಕ್ಕುವುದಿಲ್ಲ. ಈ ಕಾರಣದಿಂದಲೇ ಕ್ಯಾಡ್ಮಿಯಂನ ನೀಲಿಯನ್ನೂ ಮೂರನೆಯ ಸಾಕ್ಷಿಯಾಗಿ ಕರೆಯುವುದು. ನಾಲ್ಕು ಹೆಜ್ಜೆ ತಪ್ಪಿದ ಊಹೆಯನ್ನು ನೀಲಿಯು ೦.೩೭ರಷ್ಟು ಅಂತರದಿಂದ ಬಯಲಿಗೆಳೆಯುತ್ತದೆ.

ದೀಪಗಳ ಬೆಳಕಿಗೆ ಒಂದು ದೌರ್ಬಲ್ಯವಿತ್ತು. ಅದರ ಅಲೆಗಳ ಸಾಲು ಬೇಗ ಕಡಿದುಹೋಗುವುದರಿಂದ ದಾರಿಗಳ ವ್ಯತ್ಯಾಸ ಕೆಲವು ಹತ್ತು ಸೆಂಟಿಮೀಟರು ಮೀರಿದರೆ ಪಟ್ಟೆಗಳು ಮಸುಕಾಗುತ್ತಿದ್ದವು. ೧೯೬೦ರಲ್ಲಿ ಸರಳಿನ ಮೀಟರನ್ನು ಕೈಬಿಟ್ಟು, ಕ್ರಿಪ್ಟಾನ್ ಬೆಳಕಿನ ೧೬,೫೦,೭೬೩.೭೩ ಅಲೆಗಳೇ ಒಂದು ಮೀಟರೆಂದು ರಾಷ್ಟ್ರಗಳು ಒಪ್ಪಿಕೊಂಡವು. ಅದೇ ವರ್ಷದ ಮೇ ತಿಂಗಳಿನಲ್ಲಿ ಅಮೆರಿಕದ ಮೈಮನ್ ಮೊದಲ ಲೇಸರನ್ನು ಬೆಳಗಿಸಿದನು! ಹೊಸ ಮೀಟರಿಗೆ ಉತ್ತರಾಧಿಕಾರಿ ಅದರ ಜೊತೆಯಲ್ಲಿಯೇ ಹುಟ್ಟಿದಂತಾಯಿತು. ೧೯೬೨ರಲ್ಲಿ ಕೆಂಪು ಹೀಲಿಯಂ-ನಿಯಾನ್ ಲೇಸರು ಬಂದ ಮೇಲೆ ನೂರಾರು ಮೀಟರು ದೂರದಿಂದ ಮರಳಿದ ಬೆಳಕೂ ಸ್ಪಷ್ಟವಾದ ಪಟ್ಟೆಗಳನ್ನು ಕೊಡತೊಡಗಿತು. ೧೯೮೩ರಲ್ಲಿ ಕ್ರಿಪ್ಟಾನ್ ಮೀಟರೂ ಹೋಗಿ, ಬೆಳಕು ಶೂನ್ಯದಲ್ಲಿ ಒಂದು ಸೆಕೆಂಡಿನ ೨೯,೯೭,೯೨,೪೫೮ರಲ್ಲಿ ಒಂದು ಪಾಲಿನಲ್ಲಿ ಚಲಿಸುವ ದೂರವೇ ಮೀಟರೆಂದಾಯಿತು. ಬೆಳಕಿನ ವೇಗವನ್ನು ಹೀಗೆ ನಿಗದಿಮಾಡಿದುದರಿಂದ, ಒಂದು ಲೇಸರಿನ ಕಂಪನಸಂಖ್ಯೆಯನ್ನು (ಸೆಕೆಂಡಿಗೆ ಎಷ್ಟು ಅಲೆಗಳು ಎಂಬುದನ್ನು) ತಿಳಿದರೆ ಅದರ ತರಂಗಾಂತರ ತಾನಾಗಿಯೇ ತಿಳಿಯುತ್ತದೆ. ನಮ್ಮ ದೇಶದಲ್ಲಿ ಹೊಸದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ಅಯೋಡಿನ್ ಆವಿಯ ನೆರವಿನಿಂದ ಸ್ಥಿರಗೊಳಿಸಿದ ಹೀಲಿಯಂ-ನಿಯಾನ್ ಲೇಸರಿನಿಂದ ಮೀಟರನ್ನು ಪಡೆಯುತ್ತದೆ.

ಲೇಸರು ಕೋಲನ್ನು ಉದ್ದಮಾಡಿತೇ ಹೊರತು ಅದರ ಅಲೆಗಳ ಮೇಲೆ ಅಂಕೆ ಬರೆಯಲಿಲ್ಲ. ಆದರೆ ಅದರ ಕಂಪನಸಂಖ್ಯೆಯನ್ನು ಬೇಕಾದಂತೆ ಆಯ್ದುಕೊಳ್ಳಬಹುದಾದುದರಿಂದ ಕುಟ್ಟಕವನ್ನು ಬಹು ಚೆಲುವಾಗ ಜೋಡಿಸಲು ಬಂದಿತು. ತುಸುವೇ ವ್ಯತ್ಯಾಸವಿರುವ ಎರಡು ಲೇಸರುಗಳನ್ನು ಒಂದೇ ದಾರಿಯಲ್ಲಿ ಕಳುಹಿಸೋಣ. ಎರಡರ ಭಿನ್ನಾಂಶಗಳನ್ನೂ ಓದಿ ಒಂದರಿಂದ ಇನ್ನೊಂದನ್ನು ಕಳೆದರೆ, ಆ ಶೇಷವು ದೂರದೊಡನೆ ನಿಧಾನವಾಗಿ ಬದಲಾಗುತ್ತದೆ. ಬಹಳ ಉದ್ದವಾದ ಒಂದು ಕಲ್ಪಿತ ಅಲೆಯಿಂದ ಅಳೆದಂತೆ ಆಗುತ್ತದೆ. ಗಡಿಯಾರದ ಗಂಟೆಯ ಮುಳ್ಳೂ ನಿಮಿಷದ ಮುಳ್ಳೂ ಒಂದನ್ನೊಂದು ಹಾಯುವುದು ನಿಮಿಷದ ಮುಳ್ಳಿನ ಸುತ್ತಿಗಿಂತ ತಡವಾಗಿ ಅಲ್ಲವೆ, ಹಾಗೆಯೇ ಇದು. ಲೇಸರುಗಳ ಕಂಪನಸಂಖ್ಯೆಯಲ್ಲಿ ಸೆಕೆಂಡಿಗೆ ೧೫ ಕೋಟಿಯಷ್ಟು ವ್ಯತ್ಯಾಸವಿದ್ದರೆ ಈ ಶೇಷವು ಒಂದು ಮೀಟರಿಗೊಮ್ಮೆ ಮರುಕಳಿಸುವುದು. ವ್ಯತ್ಯಾಸವನ್ನು ನೂರು ಪಟ್ಟು ಹೆಚ್ಚಿಸಿದರೆ ೧೦ ಮಿಲಿಮೀಟರಿಗೊಮ್ಮೆ. ಇನ್ನೂ ನೂರು ಪಟ್ಟು ಹೆಚ್ಚಿಸಿದರೆ ೦.೧ ಮಿಲಿಮೀಟರಿಗೊಮ್ಮೆ. ಪ್ರತಿಯೊಂದರಲ್ಲಿಯೂ ಸಾವಿರದಲ್ಲೊಂದು ಅಂಶವನ್ನು ಓದಬಲ್ಲೆವೆಂದರೆ ಲೆಕ್ಕ ಹೀಗೆ ನಡೆಯುತ್ತದೆ. ದೂರವನ್ನು ಮೊದಲು ಸಾಮಾನ್ಯ ಟೇಪಿನಿಂದ ಅರ್ಧ ಮೀಟರಿನೊಳಗೆ ತಿಳಿದುಕೊಳ್ಳಬೇಕು. ಮೊದಲ ಜೋಡಿ ಅದನ್ನು ೧ ಮಿಲಿಮೀಟರಿಗೆ ಇಳಿಸುತ್ತದೆ, ಎರಡನೆಯದು ೧೦ ಮೈಕ್ರೊಮೀಟರಿಗೆ, ಮೂರನೆಯದು ೦.೧ ಮೈಕ್ರೊಮೀಟರಿಗೆ. ಕೆಂಪು ಲೇಸರಿನ ಅರ್ಧ ತರಂಗಾಂತರ ೦.೩೧೬ ಮೈಕ್ರೊಮೀಟರು. ಸಂದೇಹ ಅದರ ಅರ್ಧಕ್ಕಿಂತ ಕಡಮೆಯಾದುದರಿಂದ ಪೂರ್ಣಸಂಖ್ಯೆ ನಿಶ್ಚಯವಾಯಿತು. ಆದರೆ ಎಷ್ಟು ಕೂದಲೆಳೆಯ ಅಂತರದಲ್ಲಿ! ಸಾವಿರದಲ್ಲೊಂದರ ಬದಲು ಐನೂರರಲ್ಲೊಂದನ್ನು ಮಾತ್ರ ಓದಬಲ್ಲವನಾದರೆ ಕೊನೆಯ ಮೆಟ್ಟಿಲಿನಲ್ಲಿ ಕಾಲು ಜಾರುತ್ತದೆ. ಆದುದರಿಂದ ಎಚ್ಚರವುಳ್ಳವರು ಮೆಟ್ಟಿಲುಗಳನ್ನು ಇನ್ನೂ ಹತ್ತಿರ ಹತ್ತಿರ ಕಟ್ಟುತ್ತಾರೆ.

ಇನ್ನೊಂದು ದಾರಿಯಲ್ಲಿ ಲೇಸರು ಒಂದೇ ಇದ್ದು, ಅದರ ಕಂಪನಸಂಖ್ಯೆಯನ್ನು ಮೆಲ್ಲನೆ ಏರಿಸುತ್ತ ಹೋಗುತ್ತಾರೆ. ಕನ್ನಡಿ ಅಲುಗದಿದ್ದರೂ ಅಲೆಗಳು ಗಿಡ್ಡವಾಗುತ್ತ ಬರುವುದರಿಂದ ಪಟ್ಟೆಗಳು ಸರಿಯುತ್ತವೆ. ದೂರ ಹೆಚ್ಚಿದ್ದಷ್ಟೂ ಹೆಚ್ಚು ಪಟ್ಟೆಗಳು. ೫ ಮೀಟರು ದೂರದಲ್ಲಿ, ಕಂಪನಸಂಖ್ಯೆಯನ್ನು ಸೆಕೆಂಡಿಗೆ ಒಂದು ಲಕ್ಷ ಕೋಟಿಯಷ್ಟು ಏರಿಸಿದರೆ ೩೩,೩೫೬ ಪಟ್ಟೆಗಳು ದಾಟುವುವು. ಜಿನೀವಾದ ಸರ್ನ್ ಸಂಸ್ಥೆಯಲ್ಲಿ ಅಟ್ಲಾಸ್ ಎಂಬ ಮಹಾಯಂತ್ರದ ಒಡಲಿನೊಳಗೆ, ಯಂತ್ರ ನಡೆಯುವಾಗ ಮನುಷ್ಯರು ಹೋಗಲಾಗದ ಜಾಗದಲ್ಲಿ, ಕಣಗಳ ಜಾಡು ಹಿಡಿಯುವ ಭಾಗಗಳು ಸ್ವಸ್ಥಾನದಲ್ಲಿವೆಯೇ ಎಂದು ನೋಡಲು ಈ ವಿಧಾನದಿಂದ ೮೪೨ ಉದ್ದಗಳನ್ನು ಏಕಕಾಲದಲ್ಲಿ ಅಳೆಯುವ ಜಾಲವನ್ನು ಆಕ್ಸ್‌ಫರ್ಡಿನ ಭೌತವಿಜ್ಞಾನಿಗಳು ರಚಿಸಿದರು. ಈ ವಿಧಾನಕ್ಕೂ ಒಂದು ಮರ್ಮಸ್ಥಾನವಿದೆ. ಕಂಪನಸಂಖ್ಯೆ ಏರುತ್ತಿರುವ ಆ ಸ್ವಲ್ಪ ಹೊತ್ತಿನಲ್ಲಿ ಕನ್ನಡಿ ತಾನೂ ಅಲುಗಿದರೆ, ಆ ಅಲುಗಾಟದ ಪಟ್ಟೆಗಳೂ ದೂರದ ಪಟ್ಟೆಗಳೆಂದೇ ಎಣಿಕೆಯಾಗುವುವು. ೧.೫೫ ಮೈಕ್ರೊಮೀಟರಿನ ಲೇಸರಿನಿಂದ ಮೇಲಿನಂತೆ ಅಳೆಯುವಾಗ ಕನ್ನಡಿ ೧ ಮೈಕ್ರೊಮೀಟರು ಸರಿದರೆ ಉತ್ತರದಲ್ಲಿ ಸುಮಾರು ೧೯೩ ಮೈಕ್ರೊಮೀಟರು ತಪ್ಪು ಬರುತ್ತದೆ. ಪಕ್ಕದ ಕೋಣೆಯಲ್ಲಿ ಯಾರಾದರೂ ನಡೆದಾಡಿದರೂ ಸಾಕು. ಇದಕ್ಕೆ ಪರಿಹಾರವೆಂದರೆ, ಕಂಪನಸಂಖ್ಯೆ ಇಳಿಯುತ್ತ ಬರುವ ಇನ್ನೊಂದು ಲೇಸರನ್ನು ಜೊತೆಗೂಡಿಸುವುದು. ದೂರದ ಪಟ್ಟೆಗಳು ಎರಡರಲ್ಲಿ ಎದುರುಬದುರಾಗಿ ಓಡುತ್ತವೆ, ಅಲುಗಾಟದ ಪಟ್ಟೆಗಳು ಒಂದೇ ಕಡೆಗೆ ಓಡುತ್ತವೆ, ಬೇರ್ಪಡಿಸುವುದು ಸುಲಭ.

೨೦೦೫ರ ನೊಬೆಲ್ ಬಹುಮಾನದಲ್ಲಿ ಜರ್ಮನಿಯ ಹೆನ್ಶ್ ಮತ್ತು ಅಮೆರಿಕದ ಹಾಲ್ ಅವರಿಗೆ ಪಾಲು ದೊರಕಿಸಿದ ಬಾಚಣಿಗೆ-ಲೇಸರು ಇವೆರಡು ದಾರಿಗಳನ್ನೂ ಒಂದುಗೂಡಿಸಿತೆನ್ನಬಹುದು. ಅದು ಒಂದೇ ಸಮನೆ ಉರಿಯದೆ, ಅತ್ಯಲ್ಪಕಾಲದ ಮಿಣುಕುಗಳನ್ನು ತಪ್ಪದ ತಾಳದಲ್ಲಿ ಹೊರಡಿಸುತ್ತದೆ. ಆ ಬೆಳಕನ್ನು ಬಣ್ಣಗಳಾಗಿ ಬಿಡಿಸಿದರೆ ಬಾಚಣಿಗೆಯ ಹಲ್ಲುಗಳಂತೆ ಸಮಾಂತರದಲ್ಲಿ ನಿಂತ ಸಾವಿರಾರು ಕಂಪನಸಂಖ್ಯೆಗಳು ಕಾಣುವುವು. ಪ್ರತಿಯೊಂದು ಹಲ್ಲನ್ನೂ ಪರಮಾಣು ಗಡಿಯಾರದೊಡನೆ ಹೋಲಿಸಿ ತಿಳಿಯಬಹುದು. ಸೆಕೆಂಡಿಗೆ ಹತ್ತು ಕೋಟಿ ಮಿಣುಕುಗಳಾದರೆ ಒಂದಕ್ಕೂ ಮುಂದಿನದಕ್ಕೂ ಸುಮಾರು ೩ ಮೀಟರು ಅಂತರ. ಹೋಗಿಬಂದ ಮಿಣುಕು ಹತ್ತಿರದ ದಾರಿಯ ಮಿಣುಕನ್ನು ಸಂಧಿಸಿದಾಗ ದೂರವು ಒಂದೂವರೆ ಮೀಟರುಗಳ ಪೂರ್ಣ ಗುಣಕಕ್ಕೆ ಸರಿಯಾಗಿರುತ್ತದೆ. ಎಷ್ಟನೆಯ ಗುಣಕವೆಂಬುದನ್ನು, ತಾಳವನ್ನು ತುಸು ಬದಲಿಸಿ ನೋಡಿ, ಮತ್ತೆ ಕುಟ್ಟಕದಿಂದಲೇ ತಿಳಿಯಬೇಕು. ೨೦೦೦ದಲ್ಲಿ ಜಪಾನಿನ ತ್ಸುಕುಬಾದಲ್ಲಿ ಇಂತಹ ಮಿಣುಕುಗಳಿಂದ ಸುರಂಗವೊಂದರಲ್ಲಿ ೨೪೦ ಮೀಟರು ದೂರವನ್ನು ಅಳೆದರು. ೨೦೧೨ರಲ್ಲಿ ನೆದರ್‌ಲೆಂಡ್ಸಿನಲ್ಲಿ ಬಾಚಣಿಗೆಯ ಸಾವಿರಾರು ಹಲ್ಲುಗಳನ್ನೂ ಬಿಡಿಬಿಡಿಯಾದ ಲೇಸರುಗಳಂತೆ ಬಳಸಿ, ಒಮ್ಮೆಗೇ ಅಷ್ಟೂ ಭಿನ್ನಾಂಶಗಳನ್ನು ಓದಿ ದೂರವನ್ನು ಕಂಡುಕೊಂಡರು. ಕ್ಯಾಡ್ಮಿಯಂನ ಮೂರು ಸಾಕ್ಷಿಗಳಿದ್ದ ಕಡೆ ಈಗ ಒಂದು ದೊಡ್ಡ ಸಭೆಯೇ ನೆರೆದಿದೆ.

ಪೂರ್ಣಸಂಖ್ಯೆ ಸಿಕ್ಕಿತು. ಆದರೆ ಅಲೆಯ ಉದ್ದ? ಇಷ್ಟು ಹೊತ್ತೂ ನಾವು ಗಾಳಿಯನ್ನು ಮರೆತಿದ್ದೆವು. ಗಾಳಿಯಲ್ಲಿ ಬೆಳಕು ಶೂನ್ಯದಲ್ಲಿಗಿಂತ ಹತ್ತುಸಾವಿರಕ್ಕೆ ಸುಮಾರು ಎರಡೂಮುಕ್ಕಾಲು ಪಾಲು ನಿಧಾನವಾಗಿ ಹೋಗುತ್ತದೆ, ಅಲೆಗಳೂ ಅಷ್ಟೇ ಗಿಡ್ಡವಾಗುತ್ತವೆ. ಈ ಪ್ರಮಾಣ ಸ್ಥಿರವಾಗಿದ್ದಿದ್ದರೆ ಚಿಂತೆಯಿರಲಿಲ್ಲ. ಉಷ್ಣತೆ ಒಂದು ಡಿಗ್ರಿ ಏರಿದರೆ ಅಲೆಯ ಉದ್ದ ಹತ್ತು ಲಕ್ಷಕ್ಕೆ ಸುಮಾರು ಒಂದರಂತೆ ಹೆಚ್ಚುತ್ತದೆ. ವಾಯುಭಾರವೂ ತೇವವೂ ತಮ್ಮ ಪಾಲಿನ ಬದಲಾವಣೆಗಳನ್ನು ತರುತ್ತವೆ. ೫೦ ಮೀಟರು ದೂರದಲ್ಲಿ ಒಂದು ಡಿಗ್ರಿ ತಪ್ಪಿದರೆ ಸುಮಾರು ೫೦ ಮೈಕ್ರೊಮೀಟರು ತಪ್ಪು. ಎಂದರೆ ೮೦ ಕೆಂಪು ಅಲೆಗಳು. ಅಲೆಯ ಸಾವಿರದಲ್ಲೊಂದು ಅಂಶವನ್ನು ಓದಿ ಹೆಮ್ಮೆಪಡುತ್ತಿದ್ದವನು ಈ ಸಂಖ್ಯೆಯನ್ನು ನೋಡಬೇಕು. ಎರಡು ದೂರದೂರದ ಬಣ್ಣಗಳಲ್ಲಿ ಅಳೆದು, ಗಾಳಿ ಅವುಗಳನ್ನು ಬೇರೆ ಬೇರೆಯಾಗಿ ತಡೆಯುವುದರಿಂದ ಗಾಳಿಯ ಪ್ರಭಾವವನ್ನೇ ಕಳೆಯುವ ಉಪಾಯವೊಂದಿದೆ. ಆದರೆ ಆ ಲೆಕ್ಕದಲ್ಲಿ ಓದಿನ ತಪ್ಪುಗಳು ಹತ್ತಾರು ಪಟ್ಟು ದೊಡ್ಡವಾಗುತ್ತವೆ. ನಮ್ಮ ಅಭಿಪ್ರಾಯದಲ್ಲಿ, ತೆರೆದ ಗಾಳಿಯಲ್ಲಿ ದೂರ ಅಳೆಯುವವನಿಗೆ ಲೇಸರಿಗಿಂತ ಒಳ್ಳೆಯ ಉಷ್ಣಮಾಪಕಗಳ ಸಾಲೇ ಮುಖ್ಯವಾದುದು.

ಫಿನ್‌ಲೆಂಡಿನ ನುಮ್ಮೆಲ ಎಂಬಲ್ಲಿ ಮರಗಳ ನಡುವೆ ೮೬೪ ಮೀಟರು ಉದ್ದದ ಒಂದು ಅಳತೆಯ ಸಾಲು ಇದೆ. ವೈಸಾಲ ಎಂಬ ವಿಜ್ಞಾನಿಯ ವಿಧಾನದಿಂದ ಅದನ್ನು ೧೯೪೭ರಿಂದ ಹಲವು ಬಾರಿ ಅಳೆದಿದ್ದಾರೆ. ಅಲ್ಲಿ ಲೇಸರಿಲ್ಲ, ಬಿಳಿಯ ಬೆಳಕು. ಒಂದು ಮೀಟರಿನ ಕ್ವಾರ್ಟ್ಸ್ ಸರಳಿನಿಂದ ತೊಡಗಿ ೬, ೨೪, ೭೨, ೨೧೬, ೪೩೨, ೮೬೪ ಎಂದು ಗುಣಿಸುತ್ತ ಹೋಗುತ್ತಾರೆ. ಬೆಳಕಿನ ಒಂದು ಸೀಳು ಗಿಡ್ಡ ಅಂತರದಲ್ಲಿ ಕನ್ನಡಿಗಳ ನಡುವೆ ಹಲವು ಸಲ ಹೋಗಿಬರುತ್ತದೆ, ಇನ್ನೊಂದು ಸೀಳು ಉದ್ದ ಅಂತರದಲ್ಲಿ ಒಂದೇ ಸಲ ಹೋಗಿಬರುತ್ತದೆ. ಬಿಳಿಯ ಪಟ್ಟೆಗಳು ಕಂಡವೆಂದರೆ ಎರಡು ದಾರಿಗಳೂ ಸರಿಸಮ. ಪೂರ್ಣಸಂಖ್ಯೆಯ ಸಂದೇಹವೇ ಅಲ್ಲಿ ಏಳುವುದಿಲ್ಲ. ಎರಡು ಸೀಳುಗಳೂ ನಡೆಯುವುದು ಒಂದೇ ಗಾಳಿಯಲ್ಲಾದುದರಿಂದ ಗಾಳಿಯ ಪ್ರಭಾವದ ಬಹುಪಾಲು ತಾನಾಗಿ ಕಳೆದುಹೋಗುತ್ತದೆ. ಸಾಲಿನ ಒಂದೆಡೆಗೂ ಇನ್ನೊಂದೆಡೆಗೂ ಇರುವ ಉಷ್ಣತೆಯ ವ್ಯತ್ಯಾಸವನ್ನು ಮಾತ್ರ ನೋಡಿಕೊಂಡರೆ ಸಾಕು. ಗಾಳಿಯು ಕದಲದೆ, ಉಷ್ಣತೆ ಸಾಲಿನುದ್ದಕ್ಕೂ ಸಮವಾಗಿರುವ ಹೊತ್ತಿಗಾಗಿ ಕಾಯುವುದೇ ಅಲ್ಲಿನ ಕೆಲಸದ ದೊಡ್ಡ ಭಾಗ. ಹಾಗೆ ಕಾದು ಅಳೆದ ೮೬೪ ಮೀಟರಿನಲ್ಲಿ ತಪ್ಪು ಮಿಲಿಮೀಟರಿನ ಹತ್ತರಲ್ಲೊಂದು ಪಾಲನ್ನೂ ಮುಟ್ಟುವುದಿಲ್ಲ. ಭೂಮಾಪನದ ವಿದ್ಯುತ್ ದೂರಮಾಪಕಗಳನ್ನು ಆ ಕಂಬಗಳ ಮೇಲೆ ಇಟ್ಟು ಪರೀಕ್ಷಿಸುತ್ತಾರೆ.